ವಿಜಯಪುರದ ಬಿಸಿಲಲ್ಲಿ ಮನೆ ತಂಪು, ಬಿಲ್ ಕಮ್ಮಿ: ಸರ್ಕಾರದ ದುಡ್ಡು ಎಲ್ಲಿ ಸಿಗುತ್ತದೆ, ಹೇಗೆ ಪಡೆಯಬೇಕು

ನಮ್ಮ ಅಜ್ಜನ ಮನೆ ಮಣ್ಣಿನ ಮಾಳಿಗೆಯದು. ಗೋಡೆ ಎರಡು ಮೊಳ ದಪ್ಪ, ಮೇಲೆ ಜಂತಿ, ಅದರ ಮೇಲೆ ಮಣ್ಣು, ನಡುವೆ ಒಂದು ಬೆಳಕಿಂಡಿ. ಏಪ್ರಿಲ್‌ನಲ್ಲೂ ಮಧ್ಯಾಹ್ನ ಊಟ ಮಾಡಿ ನೆಲದ ಮೇಲೆ ಮಲಗಿದರೆ ಸಂಜೆಯವರೆಗೆ ಎಚ್ಚರ ಆಗುತ್ತಿರಲಿಲ್ಲ. ಈಗ ನಾವಿರುವುದು ವಿಜಯಪುರದಲ್ಲಿ, ಆರ್‌ಸಿಸಿ ಸ್ಲ್ಯಾಬಿನ ಮನೆ. ರಾತ್ರಿ ಹತ್ತಾದರೂ ಗೋಡೆ ರೊಟ್ಟಿ ಹಂಚಿನ ಹಾಗೆ ಕಾದಿರುತ್ತದೆ. ಮೂರು ಫ್ಯಾನ್, ಒಂದು ಕೂಲರ್, ಮಗನ ರೂಮಿಗೆ ಎಸಿ, ಮತ್ತೆ ಮೇ ತಿಂಗಳ ಬಿಲ್ ಬಂದಾಗ ಮನೆಯಲ್ಲಿ ಎಲ್ಲರ ಮುಖ ನೋಡುವಂತಿರುತ್ತದೆ.

ಸಿಕ್ಕವರೆಲ್ಲ ಕೇಳುವುದು ಒಂದೇ: "ಸೋಲಾರ್ ಹಾಕಿಸಿದ್ರ ಸರ್ಕಾರ 78 ಸಾವಿರ ಕೊಡ್ತದಂತಲ್ಲ, ಖರೇನಾ?" ಖರೆ. ಆದರೆ ಎಲ್ಲರೂ ಹಾಕಿಸಬೇಕಾಗಿಲ್ಲ. ಕೆಲವರಿಗೆ ಎಂಟು ಸಾವಿರದ ಫ್ಯಾನು, ಎರಡು ಬಕೆಟ್ ಸುಣ್ಣ ಸಾಕು. ಯಾರಿಗೆ ಯಾವುದು ಅಂತ ತಿಳಿಯಲು ಪ್ಯಾನೆಲ್ ಅಂಗಡಿಗೆ ಹೋಗಬೇಡಿ, ಮೊದಲು ಹಳೇ ಬಿಲ್ ಹುಡುಕಿ. ನಾನು ಉಲ್ಟಾ ಮಾಡಿ ನಾಲ್ಕು ತಿಂಗಳು ಸುಮ್ನೆ ಓಡಾಡಿದೆ.

ಮೊದಲು 12 ತಿಂಗಳ ಬಿಲ್ ಮುಂದೆ ಹರಡಿಕೊಳ್ಳಿ

ಬಿಲ್‌ನಲ್ಲಿ ನೋಡಬೇಕಾದ್ದು ನಾಲ್ಕು: ಯಾರ ಹೆಸರಿದೆ, ಅಕೌಂಟ್ ಐಡಿ ಮತ್ತು ಆರ್‌ಆರ್ ನಂಬರ್ (ನಿಮ್ಮ ಕರೆಂಟ್ ಕನೆಕ್ಷನ್ನಿನ ನಂಬರ್) ಎಷ್ಟು, ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್, ತಿಂಗಳಿಗೆ ಎಷ್ಟು ಯೂನಿಟ್ ಓಡಿದೆ. ಕೊನೆಯದನ್ನು ತಿಂಗಳುವಾರು ಒಂದು ಹಾಳೆ ಮೇಲೆ ಬರೆಯಿರಿ. ಹಳೇ ಬಿಲ್ ಕಳೆದಿದ್ದರೆ ನಮ್ಮ ಭಾಗದ ಕರೆಂಟ್ ಕಂಪನಿ ಹೆಸ್ಕಾಂನವರ ಹತ್ತಿರ ಅಕೌಂಟ್ ಐಡಿ ಕೊಟ್ಟರೆ ಲೆಕ್ಕ ಸಿಗುತ್ತದೆ.

ಈಗ ಗೃಹಜ್ಯೋತಿ. 2023ರಿಂದ ರಾಜ್ಯದಲ್ಲಿ ಇರುವ ಈ ಯೋಜನೆ 200 ಯೂನಿಟ್ ಫ್ರೀ ಅಂತ ಹೆಸರಾಗಿದೆ, ಆದರೆ ಎಲ್ಲರಿಗೂ 200 ಫ್ರೀ ಇಲ್ಲ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದಿರೋ ಅದಕ್ಕೆ ಶೇಕಡಾ 10 ಸೇರಿಸಿದರೆ ಎಷ್ಟಾಗುತ್ತದೋ ಅಷ್ಟು ಫ್ರೀ. ಸರಾಸರಿ 48 ಯೂನಿಟ್ ಒಳಗಿದ್ದವರಿಗೆ ಶೇಕಡಾ 10ರ ಬದಲು 10 ಯೂನಿಟ್ ಸೇರಿಸುತ್ತಾರೆ. ಹೊಸ ಮನೆ, ಹೊಸ ಮೀಟರ್ ಆದರೆ ಹಳೇ ಲೆಕ್ಕ ಇರುವುದಿಲ್ಲವಲ್ಲ, ಅದಕ್ಕೆ 53 ಯೂನಿಟ್ ಸರಾಸರಿ ಹಿಡಿದು 58 ಯೂನಿಟ್ ಕೊಡುತ್ತಾರೆ. ನಿಮ್ಮ ಪಾಲಿಗಿಂತ ಜಾಸ್ತಿ ಉರಿಸಿದರೆ ಮೇಲಿನದಕ್ಕೆ ಮಾತ್ರ ದುಡ್ಡು. ಆದರೆ 200 ದಾಟಿತೋ, ಆ ತಿಂಗಳು ಪೂರ್ತಿ ಬಿಲ್ ನಿಮ್ಮ ತಲೆ ಮೇಲೆ.

ನಮ್ಮ ಭಾಗದವರು ಬೇಸಿಗೆಯಲ್ಲಿ ಬೀಳುವ ಗುಂಡಿ ಇದೇ. ಒಂದು ಲೆಕ್ಕ ಹಾಕೋಣ. ನಿಮ್ಮ ಪಾಲು 150 ಯೂನಿಟ್, ಲೋಡ್ 2 ಕಿಲೋವ್ಯಾಟ್ ಅಂತಿಟ್ಟುಕೊಳ್ಳಿ. ಮೇ ತಿಂಗಳಲ್ಲಿ 195 ಓಡಿದರೆ 45 ಯೂನಿಟ್‌ಗೆ ಕಟ್ಟುತ್ತೀರಿ. 2025ರ ಏಪ್ರಿಲ್‌ನಲ್ಲಿ ಬಂದ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಅದರ ಮೇಲೆ ಸರ್‌ಚಾರ್ಜ್, ತೆರಿಗೆ, ಎಲ್ಲ ಸೇರಿ ಹೆಚ್ಚುಕಮ್ಮಿ 300 ರೂಪಾಯಿ. ಅದೇ 215 ಓಡಿದರೆ? 215ಕ್ಕೂ ಕಟ್ಟಬೇಕು, ಕಿಲೋವ್ಯಾಟ್‌ಗೆ 145ರಂತೆ ಫಿಕ್ಸೆಡ್ ಚಾರ್ಜ್ ಬೇರೆ. ಬಿಲ್ 1,600 ದಾಟುತ್ತದೆ. ಬರೀ ಇಪ್ಪತ್ತು ಯೂನಿಟ್ಟಿಗೆ ಸಾವಿರದ ಮುನ್ನೂರು!

ಹಾಗಾಗಿ ನಿಮ್ಮ ಹಾಳೆಯಲ್ಲಿ ಏಪ್ರಿಲ್, ಮೇ ಎರಡೇ ತಿಂಗಳು 200 ದಾಟಿದ್ದರೆ ಸೋಲಾರ್ ಆಸೆ ಪಕ್ಕಕ್ಕಿಡಿ, ಮುಂದಿನ ಭಾಗ ಓದಿ, ಅಷ್ಟು ಸಾಕು. ವರ್ಷ ಪೂರ್ತಿ 250, 300 ಅಂತ ಓಡುತ್ತಿದ್ದರೆ ಮಾತ್ರ ಸೋಲಾರ್ ಲೆಕ್ಕ ನಿಮಗೆ ಕೂಡುತ್ತದೆ. ಇನ್ನು ಬಾಡಿಗೆ ಮನೆಯವರೂ ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ಮನೆ ಬದಲಿಸುವಾಗ ಹಳೇ ಮನೆಯ ಆರ್‌ಆರ್ ನಂಬರ್‌ನಿಂದ ಆಧಾರ್ ಬಿಡಿಸಿಕೊಳ್ಳುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಹೊಸ ಮನೆಗೆ ಅರ್ಜಿ ಹೋಗುವುದಿಲ್ಲ.

ಫ್ಯಾನ್ ಮತ್ತು ಮಾಳಿಗೆ

ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್ ತಿನ್ನುತ್ತದೆ. ಬಿಎಲ್‌ಡಿಸಿ ಅನ್ನುವ, ಕಮ್ಮಿ ಕರೆಂಟಿನ ಮೋಟರ್ ಇರುವ ಫ್ಯಾನ್ ಫುಲ್ ಸ್ಪೀಡಿನಲ್ಲೂ 30 ವ್ಯಾಟ್ ಆಸುಪಾಸು. ಮೂರು ಫ್ಯಾನ್ ದಿನಕ್ಕೆ 15 ತಾಸು ತಿರುಗಿದರೆ (ನಮ್ಮಲ್ಲಿ ಬೇಸಿಗೆಗೆ ಅದು ಕಮ್ಮಿಯೇ) ತಿಂಗಳಿಗೆ 60 ಯೂನಿಟ್ ಉಳಿಯುತ್ತದೆ. ಮೇಲಿನ ಲೆಕ್ಕದಲ್ಲಿ ನಿಮ್ಮನ್ನು 200ರ ಒಳಗೆ ಎಳೆದು ತರಲು ಇಷ್ಟೇ ಸಾಕು. ಸೀಲಿಂಗ್ ಫ್ಯಾನಿಗೂ 2023ರಿಂದ ಸ್ಟಾರ್ ಲೇಬಲ್ ಕಡ್ಡಾಯ, ಅಂಗಡಿಯವನು ಏನೇ ಹೇಳಲಿ, ಡಬ್ಬಿ ಮೇಲಿನ ಸ್ಟಾರ್ ಎಣಿಸಿ ತನ್ನಿ.

ಮಾಳಿಗೆಗೆ ಸುಣ್ಣ ಬಳಿಯುವುದು ಕೈಯ ಖರ್ಚು, ಸಬ್ಸಿಡಿ ದಾರಿ ಕಾಯಬೇಡಿ. ಶಿವರಾತ್ರಿ ಮುಗಿಸಿಕೊಂಡು, ಯುಗಾದಿ ಬರುವುದರೊಳಗೆ ಮಾಡಬೇಕು. ಸ್ಲ್ಯಾಬ್ ಗುಡಿಸಿ, ತೊಳೆದು, ಬಿರುಕು ಇದ್ದರೆ ಸಿಮೆಂಟ್ ತುಂಬಿ. ಪುಡಿ ಸುಣ್ಣವನ್ನು ಹಿಂದಿನ ರಾತ್ರಿಯೇ ಡ್ರಮ್ಮಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹಳೇ ಪಂಚೆಯಲ್ಲಿ ಸೋಸಿ, ಹಿಡಿತಕ್ಕೆ ಫೆವಿಕಾಲ್ ಕಲಸಿ. ಬಿಸಿಲು ಏರುವ ಮೊದಲು ಸ್ಲ್ಯಾಬಿಗೆ ನೀರು ಚಿಮುಕಿಸಿ ಒಂದು ಕೋಟ್ ಉದ್ದಕ್ಕೆ, ಒಣಗಿದ ಮೇಲೆ ಇನ್ನೊಂದು ಅಡ್ಡಕ್ಕೆ. ಬಳಿಯುವಾಗ ಕಣ್ಣಿಗೆ ಕನ್ನಡಕ, ಕೈಗೆ ಗವಸು ಇರಲಿ. ನನ್ನ ತಮ್ಮ ಗವಸು ಬೇಡ ಅಂದವನು ಎರಡು ದಿನ ರೊಟ್ಟಿ ಮುರಿಯಲಾಗದೆ ಅವ್ವನ ಕೈಯಿಂದ ತಿಂದ. ಮಳೆಗಾಲದಲ್ಲಿ ಸುಣ್ಣ ತೊಳೆದು ಹೋಗುತ್ತದೆ, ಪ್ರತಿವರ್ಷ ಬಳಿಯಬೇಕು. ಬೇಸರ ಆದರೆ ಛಾವಣಿಗೆಂದೇ ಬರುವ ಬಿಳಿ ಬಣ್ಣ ಹೊಡೆಸಿ, ಖರ್ಚು ಜಾಸ್ತಿ, ಬಾಳಿಕೆಯೂ ಜಾಸ್ತಿ.

ಪತ್ರಾಸ್ (ತಗಡಿನ ಛಾವಣಿ) ಮನೆಯವರಿಗೆ ಕಷ್ಟ ಇನ್ನೂ ಹೆಚ್ಚು. ಬಿಳಿ ಬಣ್ಣ ಪತ್ರಾಸಿಗೂ ನಡೆಯುತ್ತದೆ. ಜೋಳದ ಕಣಿಕೆ ಹರಡುವ ರೂಢಿ ಹಳ್ಳಿಗಳಲ್ಲಿದೆ, ತಂಪೇನೋ ಆಗುತ್ತದೆ. ಆದರೆ ಪಕ್ಕದಲ್ಲೇ ವೈರ್ ಹಾದು ಹೋಗಿದ್ದರೆ ದಯವಿಟ್ಟು ಬೇಡ, ಒಂದು ಕಿಡಿ ಸಾಕು.

ಹೊಸದಾಗಿ ಮನೆ ಕಟ್ಟಿಸುವವರು ಇಂಜಿನಿಯರ್ ಹತ್ತಿರ "ಇಕೋ ನಿವಾಸ್ ಸಂಹಿತಾ ಪ್ರಕಾರ ಛಾವಣಿ ಮಾಡಿಕೊಡ್ರಿ" ಅಂತ ಒಂದು ಮಾತು ಹಾಕಿ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ತಂದ ನಿಯಮಾವಳಿ ಅದು. ಛಾವಣಿಯಿಂದ ಎಷ್ಟು ಬಿಸಿ ಒಳಗೆ ಇಳಿಯಬಹುದು ಅನ್ನುವುದಕ್ಕೆ ಅದರಲ್ಲಿ ಮಿತಿ ಇದೆ, ನಾವೆಲ್ಲ ಹಾಕಿಸುವ ಬರೀ ಸ್ಲ್ಯಾಬ್ ಆ ಮಿತಿಯ ಹತ್ತಿರವೂ ಬರುವುದಿಲ್ಲ.

78 ಸಾವಿರದ ಲೆಕ್ಕ

ಮಾಳಿಗೆ ಮೇಲೆ ಸೋಲಾರ್ ಹಾಕಿಸುವವರಿಗೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಮುಫ್ತ್ ಬಿಜ್ಲಿ ಯೋಜನೆ 2024ರ ಫೆಬ್ರವರಿಯಲ್ಲಿ ಶುರುವಾಯಿತು. ಒಂದು ಕೋಟಿ ಮನೆ ಗುರಿ, 75,021 ಕೋಟಿ ರೂಪಾಯಿ ಇಟ್ಟಿದ್ದಾರೆ, 2026-27ರವರೆಗೆ ಅವಧಿ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ. ಅಂದರೆ 1 ಕಿಲೋವ್ಯಾಟ್‌ಗೆ 30, ಎರಡಕ್ಕೆ 60, ಮೂರಕ್ಕೆ 78 ಸಾವಿರ. ಐದು ಹಾಕಿಸಿದರೂ 78 ಸಾವಿರವೇ, ಮೂರರ ಮೇಲೆ ಸರ್ಕಾರ ಒಂದು ರೂಪಾಯಿಯೂ ಕೊಡುವುದಿಲ್ಲ. ಅದಕ್ಕೇ ಬಹಳ ಮನೆಗೆ ಮೂರು ಸರಿಯಾದ ಅಳತೆ.

ಒಂದು ಕಿಲೋವ್ಯಾಟ್ ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಮೂರು ಹಾಕಿಸಿದರೆ ತಿಂಗಳಿಗೆ 350ರ ಆಸುಪಾಸು, ಮಳೆಗಾಲದಲ್ಲಿ ಕಮ್ಮಿ. ಜಾಗ ಕಿಲೋವ್ಯಾಟ್‌ಗೆ ನೂರು ಚದರಡಿ ಹಿಡಿಯಿರಿ. 30-40 ಸೈಟಿನ ಮನೆಗೆ ಮುನ್ನೂರು ಚದರಡಿ ದೊಡ್ಡದಲ್ಲ, ಆದರೆ ನೆರಳಿಲ್ಲದ ಮುನ್ನೂರು ಬೇಕು. ನೀರಿನ ಟ್ಯಾಂಕು, ಪಕ್ಕದ ಮನೆಯ ಮೂರನೇ ಅಂತಸ್ತು, ತೆಂಗಿನ ಮರ, ಎಲ್ಲವನ್ನೂ ಬೆಳಿಗ್ಗೆ ಒಂಬತ್ತಕ್ಕೆ ಮತ್ತು ಸಂಜೆ ನಾಲ್ಕಕ್ಕೆ ಮೇಲೆ ಹೋಗಿ ನಿಂತು ನೋಡಿ. ಡಿಸೆಂಬರಿನಲ್ಲಿ ನೆರಳು ಉದ್ದ ಇರುತ್ತದೆ, ಆಗ ನೋಡಿದರೆ ಇನ್ನೂ ಒಳ್ಳೆಯದು.

ದುಡ್ಡಿನ ಲೆಕ್ಕ ಹೀಗೆ. ಮೂರು ಕಿಲೋವ್ಯಾಟ್‌ಗೆ 1 ಲಕ್ಷ 80 ಸಾವಿರ ಕೊಟೇಶನ್ ಬಂತು ಅನ್ನಿ. ಸಬ್ಸಿಡಿ ಕಳೆದರೆ 1 ಲಕ್ಷ 2 ಸಾವಿರ. ತಿಂಗಳಿಗೆ 300 ಯೂನಿಟ್ ಉಳಿದರೆ ಎರಡು ಸಾವಿರದ ಹತ್ತಿರ ಉಳಿಯಿತು, ನಾಲ್ಕೂವರೆ ವರ್ಷದೊಳಗೆ ಹಾಕಿದ್ದು ವಾಪಸ್. ಆದರೆ ಸಬ್ಸಿಡಿ ಆಮೇಲೆ ಬರುವುದು, ಮೊದಲು ಪೂರ್ತಿ ಮೊತ್ತ ನೀವೇ ಹೊಂದಿಸಬೇಕು. ಕೈಯಲ್ಲಿ ಇಲ್ಲದಿದ್ದರೆ ಸರ್ಕಾರಿ ಬ್ಯಾಂಕುಗಳಲ್ಲಿ ಈ ಯೋಜನೆಗೆಂದೇ ಸಾಲ ಇದೆ, 3 ಕಿಲೋವ್ಯಾಟ್ ತನಕ 2 ಲಕ್ಷದವರೆಗೆ, ಏನೂ ಅಡ ಇಡಬೇಕಿಲ್ಲ. ಬಡ್ಡಿ ಶೇಕಡಾ 6ರ ಆಸುಪಾಸು, ರಿಸರ್ವ್ ಬ್ಯಾಂಕಿನ ರೆಪೊ ದರದ ಜೊತೆ ಏರಿಳಿಯುತ್ತದೆ. ಜನ್‌ಸಮರ್ಥ್ ಪೋರ್ಟಲ್‌ನಲ್ಲಿ ಅರ್ಜಿ. ಕೈಗಡ ತಂದು ಹಾಕಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಹೆಸರು ಸರಿ ಮಾಡಿಸಿದ ಮೇಲೇ ಅರ್ಜಿ

ನಾನು ಎಡವಿದ್ದು ಇಲ್ಲೇ. ಮೀಟರ್ ನಮ್ಮ ಅಪ್ಪನ ಹೆಸರಿನಲ್ಲಿತ್ತು, ಅಪ್ಪ ತೀರಿಕೊಂಡು ಆರು ವರ್ಷ. ಬಿಲ್ ಬರುತ್ತಿತ್ತು, ಕಟ್ಟುತ್ತಿದ್ದೆವು, ಯಾರೂ ಕೇಳಿರಲಿಲ್ಲ. ಅರ್ಜಿ ಹಾಕಲು ಕೂತಾಗ ಅಕೌಂಟ್ ಐಡಿ ಒತ್ತಿದ ತಕ್ಷಣ ಸ್ಕ್ರೀನ್ ಮೇಲೆ ಅಪ್ಪನ ಹೆಸರು ಬಂತು. ಒಂದು ಗಳಿಗೆ ಸುಮ್ಮನೆ ನೋಡುತ್ತ ಕೂತೆ. ಬಿಲ್‌ನಲ್ಲಿ ಇರುವ ಹೆಸರು, ಅರ್ಜಿದಾರರ ಹೆಸರು, ಸಬ್ಸಿಡಿ ಬೀಳುವ ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದೇ ಆಗಿರಬೇಕು.

ಹೆಸರು ಬದಲಿಸಲು ನಿಮ್ಮ ಏರಿಯಾದ ಹೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗಿ. ಮನೆಯ ಉತಾರ (ಮನೆ ಯಾರದು ಅಂತ ತೋರಿಸುವ ದಾಖಲೆ), ಮರಣ ಪ್ರಮಾಣ ಪತ್ರ, ವಂಶಾವಳಿ, ಅಣ್ಣತಮ್ಮಂದಿರು ಅಕ್ಕತಂಗಿಯರು ಇದ್ದರೆ ಅವರ ಒಪ್ಪಿಗೆ ಪತ್ರ, ಆಧಾರ್, ಬಾಕಿ ಇಲ್ಲದ ಇತ್ತೀಚಿನ ಬಿಲ್ ತಗೊಂಡು ಹೋದರೆ ಎರಡನೇ ಸಲ ಓಡಾಟ ತಪ್ಪುತ್ತದೆ. ಉತಾರವೇ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಅದನ್ನು ಮೊದಲು ಮಾಡಿಸಿ. ನಮಗೆ ಅಕ್ಕನ ಸಹಿ ತರಲು ಜಮಖಂಡಿಗೆ ಹೋಗಿ ಬರಬೇಕಾಯಿತು, ಅಲ್ಲಿ ಎರಡು ದಿನ ಉಳಿಸಿಕೊಂಡರು, ಅದು ಬೇರೆ ಮಾತು. ಹೆಸರಿನ ಸ್ಪೆಲಿಂಗ್ ಕೂಡ ನೋಡಿ. ಬಿಲ್‌ನಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಪಾಸ್‌ಬುಕ್‌ನಲ್ಲಿ ಅಡ್ಡಹೆಸರೇ ಇಲ್ಲ, ಇದು ನಮ್ಮ ಕಡೆ ಮನೆಮನೆಯ ಕಥೆ.

ಪೋರ್ಟಲ್‌ನಲ್ಲಿ ಅರ್ಜಿ

ಪಿಎಂ ಸೂರ್ಯಘರ್ ಡಾಟ್ ಗವ್ ಡಾಟ್ ಇನ್. ಕೊನೆಗೆ "ಗವ್ ಡಾಟ್ ಇನ್" ಇಲ್ಲದ ಯಾವ ಸೈಟಿನಲ್ಲೂ ಆಧಾರ್ ಒತ್ತಬೇಡಿ. ಅರ್ಜಿಗೆ ಶುಲ್ಕ ಇಲ್ಲ. "ಸೋಲಾರ್ ಸ್ಯಾಂಕ್ಷನ್ ಆಗಿದೆ, ಪ್ರೊಸೆಸಿಂಗ್ ಫೀ ಕಟ್ಟಿ" ಅಂತ ಫೋನ್ ಬಂದರೆ ಇಟ್ಟುಬಿಡಿ.

1. ಮೊಬೈಲ್ ನಂಬರ್ ಹಾಕಿ ಒಟಿಪಿಯಿಂದ ಲಾಗಿನ್ ಆಗಿ. ರಾಜ್ಯ, ಜಿಲ್ಲೆ, ಕಂಪನಿ ಹೆಸರಿನಲ್ಲಿ ಹೆಸ್ಕಾಂ, ನಂತರ ಅಕೌಂಟ್ ಐಡಿ.
2. ಹೊಸ ಬಿಲ್ ಅಪ್‌ಲೋಡ್ ಮಾಡಿ, ಎಷ್ಟು ಕಿಲೋವ್ಯಾಟ್ ಬೇಕು ಅಂತ ತುಂಬಿ. 10 ಕಿಲೋವ್ಯಾಟ್ ತನಕ ತಾಂತ್ರಿಕ ಪರಿಶೀಲನೆಗೆ ಕಾಯಬೇಕಿಲ್ಲ, ಅರ್ಜಿ ತಾನಾಗಿ ಒಪ್ಪಿಗೆ ಆಗುತ್ತದೆ.
3. ಅದೇ ಪೋರ್ಟಲ್‌ನ ಪಟ್ಟಿಯಿಂದ ವೆಂಡರ್ (ಸೋಲಾರ್ ಕೂರಿಸುವವನು) ಆರಿಸಿ. ಪಟ್ಟಿಯಲ್ಲಿ ಇಲ್ಲದವನ ಕೈಯಿಂದ ಹಾಕಿಸಿದರೆ ಸಬ್ಸಿಡಿ ಇಲ್ಲ, ಅವನು ನಿಮ್ಮ ಸೋದರಮಾವ ಆದರೂ ಇಲ್ಲ.

ವೆಂಡರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಮೂರು ಕಡೆ ಕೊಟೇಶನ್ ತಗೊಂಡೆ. ಅದರಲ್ಲಿ ಒಂದು ಉಳಿದವಕ್ಕಿಂತ ಇಪ್ಪತ್ತೈದು ಸಾವಿರ ಕಮ್ಮಿ. ಬಾಯಿ ಚಪ್ಪರಿಸಿಕೊಂಡು ಅಡ್ವಾನ್ಸ್ ಕೊಡಲು ಹೊರಟಿದ್ದೆ, ನಮ್ಮ ಅಳಿಯ ಕಾಗದ ನೋಡಿ "ಮಾವಾರ, ಇದರಾಗ ಡಿಸಿಆರ್ ಅಂತ ಎಲ್ಲಿ ಬರದಾರ?" ಅಂದ. ಎಲ್ಲೂ ಇರಲಿಲ್ಲ. ಡಿಸಿಆರ್ ಅಂದರೆ ಪ್ಯಾನೆಲ್ ಅಷ್ಟೇ ಅಲ್ಲ, ಒಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಸಬ್ಸಿಡಿ ಸಿಗುವುದು ಅಂಥ ಪ್ಯಾನೆಲ್ಲಿಗೆ ಮಾತ್ರ. ಆ ವೆಂಡರ್‌ಗೆ ಕೇಳಿದರೆ "ಆಮೇಲೆ ನೋಡೋಣ ಸರ್" ಅಂದ. ಆಮೇಲೆ ನೋಡಿದ್ದರೆ 78 ಸಾವಿರ ಕಳೆದುಕೊಳ್ಳುತ್ತಿದ್ದೆ. ಕೊಟೇಶನ್‌ನಲ್ಲಿ ಡಿಸಿಆರ್ ಅನ್ನುವ ಪದ, ಪ್ಯಾನೆಲ್ ಮತ್ತು ಇನ್ವರ್ಟರ್ ಕಂಪನಿ, ವಾರಂಟಿ, ಐದು ವರ್ಷದ ನಿರ್ವಹಣೆ, ಸ್ಟ್ರಕ್ಚರಿನ (ಪ್ಯಾನೆಲ್ ಕೂರುವ ಕಬ್ಬಿಣದ ಚೌಕಟ್ಟಿನ) ಎತ್ತರ, ಅರ್ಥಿಂಗ್, ಮಿಂಚು ತಡೆಯುವ ಕಂಬಿ, ಇಷ್ಟೂ ಬರೆದಿರಬೇಕು. ಬಾಯಿಮಾತು ನಡೆಯುವುದಿಲ್ಲ.

ಸ್ಟ್ರಕ್ಚರ್ ಎತ್ತರದ ಬಗ್ಗೆ ನಮ್ಮ ಮನೆಯಲ್ಲಿ ಜಗಳವೇ ಆಯಿತು. "ಯಪ್ಪಾ, ಮಾಳಗಿ ಪೂರಾ ಮುಚ್ಚಿಬಿಟ್ರ ನಾ ಮೆಣಸಿನಕಾಯಿ ಎಲ್ಲಿ ಒಣಗಿಸ್ಲಿ? ಶ್ಯಾವಿಗಿ ಎಲ್ಲಿ ಹಾಕ್ಲಿ?" ಅಂತ ಅವ್ವ. ಕೊನೆಗೆ ಎಂಟಡಿ ಎತ್ತರಕ್ಕೆ ಹಾಕಿಸಿ ಕೆಳಗೆ ಓಡಾಡುವ ಹಾಗೆ ಮಾಡಿದೆವು. ಕಬ್ಬಿಣ ಜಾಸ್ತಿ, ಖರ್ಚು ಜಾಸ್ತಿ, ಅದಕ್ಕೆ ಸಬ್ಸಿಡಿ ಏರುವುದಿಲ್ಲ. ಮುಂಗಾರಿನ ಮುಂಚೆ ನಮ್ಮಲ್ಲಿ ಬೀಸುವ ಗಾಳಿ ಗೊತ್ತಲ್ಲ, ಎತ್ತರ ಮಾಡಿಸುವವರು ಕಾಲುಗಳನ್ನು ಸ್ಲ್ಯಾಬಿಗೆ ಗಟ್ಟಿಯಾಗಿ ಕೂರಿಸಿ, ಕೂರಿಸಿದ ಜಾಗದಲ್ಲಿ ನೀರು ಸೋರದ ಹಾಗೆ ಬಂದೋಬಸ್ತ್ ಮಾಡಿಸಿ. ಮುಖ ದಕ್ಷಿಣಕ್ಕೆ, ಬಾಗು 16-17 ಡಿಗ್ರಿ.

ಮೀಟರ್, ಮತ್ತೆ ಸಬ್ಸಿಡಿ

ಪ್ಯಾನೆಲ್ ಕೂತ ಮೇಲೆ ವೆಂಡರ್ ಫೋಟೊ, ಸೀರಿಯಲ್ ನಂಬರ್ ಎಲ್ಲ ಪೋರ್ಟಲ್‌ಗೆ ಏರಿಸುತ್ತಾನೆ. ಆ ಸೀರಿಯಲ್ ನಂಬರ್‌ಗಳನ್ನು ನೀವೂ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ, ನಾಳೆ ವಾರಂಟಿಗೆ ಬೇಕು. ನಂತರ ಹೆಸ್ಕಾಂ ಜೊತೆ ನೆಟ್ ಮೀಟರ್ ಒಪ್ಪಂದ, ಪರಿಶೀಲನೆ, ಮೀಟರ್ ಬದಲಾವಣೆ. ಈ ಮೀಟರ್ ಒಳಗೆ ಬಂದ ಕರೆಂಟು, ಹೊರಗೆ ಹೋದ ಕರೆಂಟು ಎರಡನ್ನೂ ಎಣಿಸುತ್ತದೆ. ಮೀಟರ್ ಕೂರುವ ಮೊದಲೇ ಸ್ವಿಚ್ ಹಾಕಬೇಡಿ, ಹಳೇ ಮೀಟರ್ ಹೊರಗೆ ಹೋದದ್ದನ್ನೂ ನೀವು ಉರಿಸಿದ್ದು ಅಂತ ಎಣಿಸಿಬಿಡಬಹುದು.

ಸೋಲಾರ್ ಚಾಲೂ ಆಯಿತು ಅನ್ನುವ ಕಮಿಷನಿಂಗ್ ವರದಿ ಪೋರ್ಟಲ್‌ನಲ್ಲಿ ಬಂದ ಮೇಲೆ ಬ್ಯಾಂಕ್ ವಿವರ, ಕ್ಯಾನ್ಸಲ್ ಮಾಡಿದ ಚೆಕ್ ಏರಿಸಿ ಸಬ್ಸಿಡಿಗೆ ಕೋರಿಕೆ ಒತ್ತಬೇಕು. ಇದನ್ನು ನೀವೇ ಒತ್ತಬೇಕು. ವೆಂಡರ್ ಮಾಡುತ್ತಾನೆ ಅಂತ ಕೂತವರೂ ಇದ್ದಾರೆ. ಕೋರಿಕೆ ಆದ ಮೇಲೆ 30 ದಿನದೊಳಗೆ ಖಾತೆಗೆ ಅಂತ ನಿಯಮ.

ಎರಡು ಭ್ರಮೆ ಬೇಡ. ಲೈನ್ ಕರೆಂಟ್ ಹೋದರೆ ಈ ಸೋಲಾರ್ ಕೂಡ ನಿಲ್ಲುತ್ತದೆ, ಕಂಬದ ಮೇಲಿರುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿದ್ದಾರೆ. ಎರಡನೆಯದು, ಬಿಲ್ ಸೊನ್ನೆ ಆಗುವುದಿಲ್ಲ, ಫಿಕ್ಸೆಡ್ ಚಾರ್ಜ್ ಬರುತ್ತಲೇ ಇರುತ್ತದೆ. ಹೊರಗೆ ಮಾರಿದ ಹೆಚ್ಚುವರಿ ಯೂನಿಟ್‌ಗೆ ಸಿಗುವ ದರ ನೀವು ಕೊಳ್ಳುವ ದರಕ್ಕಿಂತ ಕಮ್ಮಿ, ಅದಕ್ಕೇ ಬೇಕಾದ್ದಕ್ಕಿಂತ ದೊಡ್ಡದು ಹಾಕಿಸಿ ಕರೆಂಟ್ ಮಾರಿ ಶ್ರೀಮಂತ ಆಗುವ ಯೋಚನೆ ಬಿಡಿ.

ಓಣಿ, ಊರು, ಹೊಲ

ಅಪಾರ್ಟ್‌ಮೆಂಟ್ ಅಥವಾ ಲೇಔಟ್ ಸಂಘದವರು ಲಿಫ್ಟ್, ಬೋರ್, ದಾರಿದೀಪದಂಥ ಸಾಮೂಹಿಕ ಬಳಕೆಗೆ ಹಾಕಿಸಿದರೆ ಕಿಲೋವ್ಯಾಟ್‌ಗೆ 18 ಸಾವಿರ ಸಿಗುತ್ತದೆ, 500 ಕಿಲೋವ್ಯಾಟ್ ತನಕ.

ಹಳ್ಳಿಯವರಿಗೆ ಗೊತ್ತಿರಬೇಕಾದ ಒಂದು ವಿಷಯ ಇದೆ. ಇದೇ ಯೋಜನೆಯಲ್ಲಿ ಪ್ರತಿ ಜಿಲ್ಲೆಗೆ ಒಂದು ಮಾದರಿ ಸೌರ ಗ್ರಾಮ, ಅದಕ್ಕೆ 1 ಕೋಟಿ ರೂಪಾಯಿ. 5,000ಕ್ಕಿಂತ ಜಾಸ್ತಿ ಜನ ಇರುವ ಹಳ್ಳಿಗಳ ನಡುವೆ ಆರು ತಿಂಗಳ ಸ್ಪರ್ಧೆ, ಯಾವ ಊರಲ್ಲಿ ಹೆಚ್ಚು ಸೋಲಾರ್ ಕೂತಿದೆಯೋ ಅದಕ್ಕೆ ದುಡ್ಡು. ಜೊತೆಗೆ ತಮ್ಮ ವ್ಯಾಪ್ತಿಯಲ್ಲಿ ಕೂತ ಪ್ರತಿ ಮನೆಯ ಸೋಲಾರ್‌ಗೆ ಪಂಚಾಯ್ತಿ, ನಗರಸಭೆಗಳಿಗೆ 1,000 ರೂಪಾಯಿ ಪ್ರೋತ್ಸಾಹಧನ ಇದೆ. ನಿಮ್ಮ ಪಿಡಿಒ ಸಾಹೇಬರ ಮುಂದೆ ಈ ಸಾವಿರದ ಮಾತು ತೆಗೆದು ನೋಡಿ, ಗ್ರಾಮಸಭೆಯಲ್ಲಿ ಸೋಲಾರ್ ಕ್ಯಾಂಪ್ ಇಡಿಸಲು ಅದಕ್ಕಿಂತ ಒಳ್ಳೆ ಕಾರಣ ಬೇಕಿಲ್ಲ.

ಬನಹಟ್ಟಿ, ಇಳಕಲ್ ಕಡೆಯ ನೇಕಾರರು ಗಮನಿಸಿ: ಮಗ್ಗದ ಮೀಟರ್ ಬೇರೆ, ಮನೆ ಮೀಟರ್ ಬೇರೆ. 78 ಸಾವಿರ ಸಿಗುವುದು ಮನೆ ಮೀಟರ್‌ಗೆ ಮಾತ್ರ. ಹೊಲದ ಪಂಪ್‌ಸೆಟ್‌ಗೆ ಕುಸುಮ್-ಬಿ ಅಂತ ಬೇರೆ ಯೋಜನೆ. ಅದರಲ್ಲಿ ಕೇಂದ್ರ ಶೇಕಡಾ 30, ರಾಜ್ಯ 50 ಹಾಕುತ್ತದೆ, ರೈತ 20 ಹಾಕಿದರೆ ಸಾಕು. ಅರ್ಜಿ ಸೌರಮಿತ್ರ ಪೋರ್ಟಲ್‌ನಲ್ಲಿ.

ಹಾಕಿಸಿದ ಮೇಲೆ

ಧೂಳೇ ನಮ್ಮ ಊರಿನ ದೊಡ್ಡ ಕಾಟ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ, ಪ್ಯಾನೆಲ್ ತಣ್ಣಗಿರುವಾಗ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಎರಚಬೇಡಿ. ಬೋರಿನ ನೀರು ಹಾಗೇ ಒಣಗಿದರೆ ಬಿಳಿ ಕಲೆ ಕೂರುತ್ತದೆ, ನಾನು ಮೊದಲ ಎರಡು ತಿಂಗಳು ಹಾಗೇ ಬಿಟ್ಟು ಆಮೇಲೆ ಉಜ್ಜಿ ಉಜ್ಜಿ ಸಾಕಾದೆ. ನಳದ ನೀರು ಬಂದ ದಿನ ತೊಳೆದು, ಉದ್ದ ಕೋಲಿನ ವೈಪರ್‌ನಿಂದ ಒರೆಸಿ. ಬಾದಾಮಿ ಕಡೆಯವರಿಗೆ ಮಂಗಗಳ ಕಾಟವೂ ಇದೆ, ವೈರ್‌ಗಳನ್ನು ಪೈಪಿನೊಳಗೆ ಹಾಕಿಸಿಕೊಳ್ಳಿ.

ಇನ್ವರ್ಟರ್ ಮೇಲೆ ದಿನದ ಯೂನಿಟ್ ತೋರಿಸುತ್ತದೆ. ವಾರಕ್ಕೊಮ್ಮೆ ಕ್ಯಾಲೆಂಡರ್ ಮೇಲೆ ಬರೆದಿಡಿ. ಬಿಸಿಲಿದ್ದೂ 12ರ ಜಾಗದಲ್ಲಿ 8 ಬಂದರೆ ಮೊದಲು ಧೂಳು ನೋಡಿ, ನಂತರ ನೆರಳು, ಆಮೇಲೆ ವೆಂಡರ್‌ಗೆ ಫೋನ್. ನಮ್ಮ ಮನೆಯಲ್ಲಿ ಮಾರ್ಚ್‌ನಲ್ಲಿ ಒಂದು ವಾರ ಹೀಗೇ ಕಮ್ಮಿ ಬಂತು, ಮೇಲೆ ಹೋಗಿ ನೋಡಿದರೆ ಅವ್ವ ಒಂದು ಪ್ಯಾನೆಲ್ ಮೇಲೆ ಹಳೇ ಸೀರೆ ಹಾಸಿ ಸಂಡಿಗೆ ಇಟ್ಟಿದ್ದಳು. ಬಗ್ಗಿಸಿದ್ದ ಅಂಚಿನ ಕಡೆ ಕೈ ಎಟುಕುತ್ತಿತ್ತಂತೆ. "ಅಲ್ಲಿ ಲಗೂನ ಒಣಗ್ತಾವ" ಅಂದಳು.